ಮುಂದಿನ ಕಂತು

ನಮ್ಮೂರ ಹೆಸರಿನ ಕ್ಲಬ್ಬಿನ ಸ್ಟೇಡಿಯಂ
ನಮ್ಮೂರಲ್ಲಿಲ್ಲ, ಪಕ್ಕದ ಕ್ಲೀಥಾರ್ಪ್ಸಲ್ಲಿದೆ.
ಗ್ರಿಮ್ಸ್‌ಬಿಗೆ ಬಂದ ಹೊಸತರಲ್ಲಿ ಬಿದ್ದು ಬಿದ್ದು ನಕ್ಕಿದ್ದೆ.
ಈಗ ಬೇರೆಯವರು ನಕ್ಕರೆ ಸಿಟ್ಟು ಬರುತ್ತದೆ.

ಶನಿವಾರ. ಸೋಫಾದ ಮೇಲೆ ಅರುಂಧತಿ, ಪಕ್ಕದ ಮನೆಯ ಕಾಸ್ಪರ್,
ಇಬ್ಬರಿಗೂ ಒಂದೇ ಬಟ್ಟಲ ಚುರುಮುರಿ.
ಟಿವಿಯಲ್ಲಿ ಜಪಾನಿನ ಶಾಲಾ ಹುಡುಗನೊಬ್ಬ ಓಡುತ್ತಿದ್ದಾನೆ,
ಓಡುತ್ತಲೇ ಇದ್ದಾನೆ. ಮೈದಾನ ಮುಗಿಯುವುದಿಲ್ಲ.
ಗೋಲ್‌ಪೋಸ್ಟು ಮೀನುದೋಣಿಯ ಕೂವೆಮರದ ಹಾಗೆ
ಮೊದಲು ತುದಿ, ಆಮೇಲೆ ಮೈ,
ದಿಗಂತದಿಂದ ಏಳುತ್ತದೆ.
ಅವನಿಗೆ ಇಂಗ್ಲೆಂಡಿನಲ್ಲಿ ಆಡುವ ಕನಸು.
ಇಂಗ್ಲೆಂಡಿನಲ್ಲೇ ಕೂತ ಇವರಿಗೆ
ಅವನ ಶಾಲೆಯ ಮಣ್ಣಿನ ಮೈದಾನದ್ದು.

ಒದ್ದ. ಚೆಂಡು ಅಮುಕಿದ ಹಿಟ್ಟಿನುಂಡೆಯ ಹಾಗೆ ಚಪ್ಪಟೆಯಾಗಿ
ಗಾಳಿಯಲ್ಲಿ ನಿಂತಿತು.
ಅಷ್ಟರಲ್ಲಿ ಗೋಲ್‌ಕೀಪರ್ ತನ್ನ ಅಮ್ಮನನ್ನು ನೆನೆದ,
ಮೊದಲ ಬೂಟನ್ನು, ಕೋಚಿನ ಬೈಗುಳವನ್ನು,
ರೈಲು ತಪ್ಪಿದ ಒಂದು ಸಂಜೆಯನ್ನು.
ಉಳಿದದ್ದು ಮುಂದಿನ ಕಂತಿನಲ್ಲಿ.

‘ಸುಳ್ಳು,’ ಅಂದೆ. ‘ಪೆನಾಲ್ಟಿ ಅಂದರೆ ಅರ್ಧ ಸೆಕೆಂಡು.’
‘ಹಾಗಾದ್ರೆ ಯೋಚನೆ ಮಾಡೋಕೆ ಟೈಮೇ ಇಲ್ವಾ ಅಪ್ಪಾ?’
‘ಇಲ್ಲ.’

ಹೇಳಿದ್ದು ನಾನು. ಗೌತಮಪುರದಲ್ಲಿ ಹುಟ್ಟಿದವನು,
ಏಳುಮಲೈ ಮಾವನ ಪೆನಾಲ್ಟಿ ಬಾರಿಗೆ ಬಡಿದು ಮೇಲೆದ್ದದ್ದನ್ನು
ಕಾಂಪೌಂಡಿನ ಮೇಲೆ ಕೂತು ನೋಡಿದವನು.
ಕಾರ್ಖಾನೆ ತಂಡದ ಫೈನಲ್ಲು ಅದು.
ಆಮೇಲೆ ಇಪ್ಪತ್ತೆರಡು ವರ್ಷ, ದಿನಾ ಸಂಜೆ,
ಬೈಟು ಟೀ ಮುಂದಿಟ್ಟುಕೊಂಡು ಮಾವ ಅದನ್ನೇ ಹೇಳುತ್ತಿದ್ದ.
ಬೆಂಚಿನ ಕೆಳಗೆ ಅವನ ಬಲಗಾಲು
ಪ್ರತಿ ಸಲ ಒಂದಿಂಚು ಸರಿಯುತ್ತಿತ್ತು.

ಭಾನುವಾರ. ಹಂಬರ್ ಕಡೆಯ ಗಾಳಿ, ಮೀನಿನ ವಾಸನೆ,
ನನ್ನ ಕೈಲಿ ಲೈನ್ಸ್‌ಮನ್ ಬಾವುಟ.
ಗೋಲಿನಲ್ಲಿ ಅರುಂಧತಿ, ಮುಖಕ್ಕಿಂತ ದೊಡ್ಡ ಗ್ಲೌಸು.
ಕೊನೆಗಳಿಗೆಯಲ್ಲಿ ಕಾಸ್ಪರನ ಕೈಗೆ ಚೆಂಡು ತಾಗಿ ಪೆನಾಲ್ಟಿ.
ಎದುರು ತಂಡದ ಹುಡುಗಿ ಮೂಗೊರೆಸಿಕೊಂಡಳು, ಒದ್ದಳು.
ಅಷ್ಟೇ. ಗೋಲು.
ಯಾರ ಬೆನ್ನ ಹಿಂದೆಯೂ ಬೆಂಕಿ ಹೊತ್ತಲಿಲ್ಲ,
ಸಂಗೀತ ಏರಲಿಲ್ಲ.
ಬಲೆಯಿಂದ ಚೆಂಡು ಬಿಡಿಸಿ ಕೊಟ್ಟಳು ಮಗಳು.

ಕಾರಿನಲ್ಲಿ ಕೇಳಿದೆ, ಆಗ ಏನು ಯೋಚಿಸಿದೆ?
‘ಏನಿಲ್ಲ. ಶಿನ್‌ಗಾರ್ಡ್ ಜಾರ್ತಿತ್ತು.’
ಚಿಪ್ಸಿಗೆ ವಿನೆಗರ್ ಜಾಸ್ತಿ ಹಾಕಿಸಿಕೊಂಡಳು.

ಬುಧವಾರ ರಾತ್ರಿ, ಬಾಯಿತುಂಬ ಪೇಸ್ಟಿನ ನೊರೆ,
ಬಚ್ಚಲ ಕನ್ನಡಿಗೆ ಹೇಳಿದಳು:
‘ಎಡಕ್ಕೆ ಹಾರಬೇಕಿತ್ತು.’

ನಾನು ಟವೆಲು ಹಿಡಿದು ನಿಂತೇ ಇದ್ದೆ.
ತಣ್ಣನೆಯ ಟೈಲ್ಸಿನ ಮೇಲೆ
ಅವಳ ಬಲಗಾಲು, ಬರಿಗಾಲು,
ಒಂದಿಂಚು ಸರಿಯಿತು.