ಚೀಟಿಯ ಹಿಂದೆ

ಐವತ್ತು ಕೊಟ್ಟು ಮೂವತ್ತೆಂಟರ ಚೀಟಿ ತಗೊಂಡರೆ
ಉಳಿದ ಹನ್ನೆರಡನ್ನು ಹಿಂದೆ ಬರೆಯುತ್ತೇನೆ,
ಇಳಿಯುವಾಗ ತಗೊಳ್ಳಿ.
ಇಪ್ಪತ್ತೊಂದು ವರ್ಷದಿಂದ ಹೀಗೇ.
ಮರೆತು ಇಳಿದವರ ಚಿಲ್ಲರೆಯಲ್ಲಿ ನಾನು ಮನೆ ಕಟ್ಟಿಲ್ಲ,
ಟೀ ಕುಡಿದಿದ್ದೇನೆ, ಇರಬಹುದು.

ಹಾಗಾಗಿ ಟೋಕನ್ನು ಅಂದರೆ ನನಗೇನು ಹೊಸದಲ್ಲ.
ಹೊಸದು ಅಂದರೆ
ಬರೆದುಕೊಟ್ಟವನಿಗೆ ಮುಖ ಇಲ್ಲ,
ಮೋಸವಾಯಿತೆಂದು ಹಿಂದೆ ಓಡೋಣವೆಂದರೆ
ಬಸ್ಸೇ ಇಲ್ಲ.

ಡ್ರೈವರ್ ಗಿಲ್ಬರ್ಟ್ ಹೋದ ದೀಪಾವಳಿ ಹೊತ್ತಿಗೆ
ಯಾವುದೋ ಲಿಂಕು ಒತ್ತಿದ.
ಹದಿನೆಂಟು ಸಾವಿರ.
ಆಮೇಲೆ ತಿಂಗಳಿಡೀ ಗಾಜನೂರಿನ ತಿರುವಲ್ಲಿ
ಗೇರು ಬೀಳುವ ಸದ್ದೇ ಬೇರೆ ಇತ್ತು.
ಅದರ ಬಗ್ಗೆ ಅವನು ಆಡಿದ್ದು ಅಷ್ಟೆ.
ಮೊನ್ನೆ ಡಿಪೋದಲ್ಲಿ ಬಂದು ನಿಂತ:
ಉಳಿದದ್ದನ್ನು ಡಾಲರಿಗೆ ಕಟ್ಟಿದ ನಾಣ್ಯಕ್ಕೆ ಬದಲಿಸಿಕೊಡು ಮಾರಾಯ,
ತಗೋ ಫೋನು, ಪಾಸ್‌ವರ್ಡು ಬಂದು...
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.
ಫೋನು ನಿನ್ನದು, ಬೆರಳೂ ನಿನ್ನದೇ ಇರಲಿ.
ನಾನು ಸ್ಟಾಪು ಕೂಗುತ್ತೇನೆ.

ಗೋಪಿ ಸರ್ಕಲ್ಲಿನ ಹತ್ತಿರ ಡಿಸ್‌ಪ್ಲೇ ಕೂರಿಸುವ ಶಹೀದಾ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೇಳಿದ್ದಳು:
ಹನ್ನೆರಡು ಪದ ಕೇಳಿದವನು
ಕಸ್ಟಮರ್ ಕೇರ್ ಅನ್ನಲಿ, ಯಾರ ಅಪ್ಪನೇ ಅನ್ನಲಿ, ಕಳ್ಳ.
ಫೋಟೋ ಹೊಡೀಬೇಡಿ, ವಾಟ್ಸಾಪಲ್ಲಿ ಇಡಬೇಡಿ,
ನಂಗೂ ಹೇಳಬೇಡಿ.
ಹೇಳಿ, ಬಿದ್ದ ಸ್ಕ್ರೂ ಹುಡುಕತೊಡಗಿದಳು.

ಮಂಡಗದ್ದೆ. ಹತ್ತು ನಿಮಿಷ.
ಟೀ ಬಂತು. ಕೆಂಪು ಹೊಳೆಯ ನಡುಗಡ್ಡೆಯಲ್ಲಿ
ಮರ ಕಾಣದಷ್ಟು ಬೆಳ್ಳಕ್ಕಿ.
ಗಿಲ್ಬರ್ಟ್ ನಾಣ್ಯದ ಹೆಸರು ಹುಡುಕಿದ.
ಒಂದೇ ಹೆಸರು, ಒಂದೇ ಚಿತ್ರ, ಎರಡು ಸಾಲು.
ಮೇಲಿನದರ ಮೊದಲ ನಾಲ್ಕು ಅಕ್ಷರ ನೋಡಿದ,
ಕೊನೆಯ ನಾಲ್ಕು ನೋಡಿದ,
ಸರಿ ಇದೆ ಅಂದ.

ಸರಿ ಅಲ್ಲ.
ಶಿವಮೊಗ್ಗ–ತೀರ್ಥಹಳ್ಳಿ ಅಂತ ಬೋರ್ಡು ಹಾಕಿದ ಬಸ್ಸು ಎರಡು,
ಒಂದು ಈ ದಾರಿ, ಒಂದು ರಿಪ್ಪನ್‌ಪೇಟೆ ಸುತ್ತಿ.
ನಡುವಿನ ಊರು ಓದದೆ ಹತ್ತಿದವಳು
ಮಗು ಎತ್ತಿಕೊಂಡು ಆಯನೂರಲ್ಲಿ ಅತ್ತದ್ದು ಕಂಡಿದ್ದೇನೆ.
ನಡುವೆ ಓದು.

ನಾಣ್ಯದವರ ಸ್ವಂತ ಪುಟದಿಂದ ಬರೆದು ತಂದ ಚೀಟಿ ತೆಗೆದೆ.
ಸೊನ್ನೆ. ಎಕ್ಸು. ಏಳು. ಸಿ. ಮತ್ತೆ ಸಿ.
ಪಕ್ಕದ ಬೆಂಚಿನವರು ಯಾವ ಊರಿದು ಅಂತ ನೋಡಿದರು.
ಹತ್ತೊಂಬತ್ತನೆಯದರಲ್ಲಿ
ನನ್ನ ಚೀಟಿ ಬಿ ಅಂತು, ಅವನ ಫೋನು ಎಂಟು ಅಂತು.
ನನ್ನ ಕೈಬರಹ ನಂಬುವ ಹಾಗಿಲ್ಲ.
ಕೆಳಗಿನ ಸಾಲು ತೆಗೆಸಿ ಮತ್ತೆ ಸೊನ್ನೆಯಿಂದ ಕೂಗಿದೆ.
ನಲವತ್ತೆರಡೂ ಕೂಡಿದವು.
ಬಿ, ಬಿಯೇ ಆಗಿತ್ತು.

ಎಷ್ಟು ಬೇಕಾದರೂ ತೆಗೆಯಲು ಅನುಮತಿ? ಅಂತ ಕೇಳಿತು.
ಪ್ಯಾಸೆಂಜರಿನ ಕೈಗೆ ಚೀಲ ಕೊಟ್ಟು
ನಿನ್ನ ಚಿಲ್ಲರೆ ನೀನೇ ಆರಿಸಿಕೋ ಅಂದ ಹಾಗೆ!
ಐನೂರಕ್ಕೆ ಮಾತ್ರ ಅಂತ ಹಾಕು.
ಮೊದಲು ಐನೂರು ಹೋಗಿ ಬರಲಿ.
ಬೆಲೆ ನೂರಕ್ಕೆ ಒಂದರ ಮೇಲೆ ಜಾರಿದರೆ ವ್ಯಾಪಾರ ಬೇಡ.
ಡೀಸೆಲ್ಲಿಗೆ ಇದೆಯಾ? ಗ್ಯಾಸು ಅಂತಾರಲ್ಲ, ಅದು?
ಇದೆ ಅಂದ, ಹದಿನೆಂಟು ವರ್ಷ ಬಸ್ಸು ಓಡಿಸಿದ ಗರ್ವದಲ್ಲಿ.

ಒತ್ತಿದ. ಬಳೆಯಂಥದ್ದೊಂದು ತಿರುಗತೊಡಗಿತು.
ಟೀ ಆರಿತು.
ಅತ್ತ ಗೂಡಿನ ಮೇಲೊಂದು ಬೆಳ್ಳಕ್ಕಿ ಕೂತಿತ್ತು,
ಹೊಳೆಯ ಕಡೆಯಿಂದ ಇನ್ನೊಂದು ಬಂತು.
ಬಂದದ್ದು ಕೊಂಬೆಯಲ್ಲಿ ಎರಡೂ ಕಾಲು ಊರುವ ತನಕ
ಕೂತದ್ದು ಏಳಲಿಲ್ಲ.
ಮೊಟ್ಟೆಗೆ ಗಾಳಿ ತಾಗಿದ್ದು
ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲಿಕ್ಕಿಲ್ಲ.

ಫೋನು ನಡುಗಿತು. ನಾನೂರ ತೊಂಬತ್ತಾರು.
ಗಿಲ್ಬರ್ಟ್ ಬಹಳ ಹೊತ್ತು ನೋಡಿದ,
ಆ ನಾಲ್ಕು ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಲಿಲ್ಲ.
ಉಳಿದದ್ದು ತೀರ್ಥಹಳ್ಳಿಯಲ್ಲಿ ನೋಡುವ, ಅಂದ.
ಗೇರು ಮೆತ್ತಗೆ ಬಿತ್ತು.

ಇನ್ನೇನು ರೈಟ್ ಅನ್ನಬೇಕು,
ಹಿಂದಿನ ಸೀಟಿನಿಂದ ಒಂದು ಕೈ ಚೀಟಿ ತಿರುಗಿಸಿ ಹಿಡಿದಿತ್ತು:
ನನ್ನ ಹನ್ನೆರಡು ರೂಪಾಯಿ ಕಂಡಕ್ಟ್ರೇ,
ಈಗಲೇ ಕೊಡಿ.