ನಿಂತ ಹಲಗೆ

ಮಲಗಿದ ಮರವನ್ನಷ್ಟೇ ಬಲ್ಲ ಯಂತ್ರ.
ಕೋಥ್ರೂಡಿನ ಹುಡುಗನೊಬ್ಬ ಪರೀಕ್ಷೆ ಮುಗಿದ ವಾರ
ಹದಿನಾಲ್ಕು ಸಾವಿರಕ್ಕೆ ಮಾರಿ, ರಿಕ್ಷಾಕ್ಕೆ ಎತ್ತಿಕೊಟ್ಟು,
ಆನೆ ಚೆನ್ನಾಗಿ ಕೆತ್ತುತ್ತದೆ ಕಾಕಾ, ಎಂದಿದ್ದ.
ಕೆತ್ತಿತು. ಆನೆ, ನವಿಲು,
ಎರಡು ಮನೆಗಳ ಹೆಸರು, ಒಂದರಲ್ಲಿ ಕಾಗುಣಿತ ತಪ್ಪು.

ಆದರೆ ಹಲಗೆ ಪೆಟ್ಟಿಗೆಯಾಗುವುದು ಮುಖದಿಂದಲ್ಲ,
ತುದಿಯಿಂದ.
ಬೆರಳಷ್ಟು ದಪ್ಪದ ಆ ಅಂಚನ್ನು
ಈ ಯಂತ್ರ ಒಮ್ಮೆಯೂ ನೋಡಿರಲಿಲ್ಲ.

ಅಂಚಿಗೆ ಅಂಚು ಕಚ್ಚುವ ಜೋಡಣೆಗೆ
ಟಿಂಬರ್ ಮಾರ್ಕೆಟ್ಟಿನ ಬಬನ್ ಮಿಸ್ತ್ರಿ 'ಡೌಟಿಲ್' ಅನ್ನುತ್ತಾನೆ.
ಇಂಗ್ಲಿಷಿನಲ್ಲಿ ಪಾರಿವಾಳದ ಬಾಲವಂತೆ.
ನನ್ನ ಕಿವಿಗೆ ಕೇಳುವುದು: ಡೌಟಿಲ್ಲ.
ನನಗಂತೂ ಇತ್ತು.

ಭಾನುವಾರ ಗರಗಸ ತೆಗೆದೆ.
ಮುಂದಿನ ಅಲ್ಯೂಮಿನಿಯಂ ಅಡ್ಡಪಟ್ಟಿ ಕೊಯ್ದು,
ಮೋಟಾರು ಹೊತ್ತ ಕಮಾನನ್ನು ನಾಲ್ಕು ಬೆರಳು ಮುಂದೆ ತಂದು,
ಮೇಜಿನ ಮೂತಿಗೆ ಕಬ್ಬಿಣದ ಆಂಗಲ್ ಬಿಗಿದೆ,
ಹಲಗೆ ಅದಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಲೆಂದು.
ಗುಣ್ಯಾ ಹಿಡಿದು ನೋಡಿದರೆ
ಮೂಲೆಯಲ್ಲಿ ಬೆಳಕಿನ ಒಂದೆಳೆ ತೂರುತ್ತಿದೆ.
ಸ್ವಾರ್‌ಗೇಟಿನ ಬಸ್ ಟಿಕೆಟ್ ಮಡಚಿ ಸಂದಿಗಿಟ್ಟೆ.
ಇವತ್ತಿಗೂ ಅಲ್ಲೇ ಇದೆ, ಆ ಹತ್ತು ರೂಪಾಯಿ.

ಆಮೇಲೆ ಹೊಳೆಯಿತು ಫಜೀತಿ.
ಹಲಗೆ ಮೂರಡಿ, ಮೇಜು ಎರಡೇ ಅಡಿ.
ನನ್ನದೋ ಭವಾನಿ ಪೇಠೆಯ ಹಳೇ ವಾಡೆಯ ಅಟ್ಟ,
ಮೇಲೆತ್ತಿದರೆ ತಗಡು,
ಕೆಳಗಿಳಿಸಿದರೆ ನೆಲ,
ಅಂದರೆ ಪಿಸೆ ಮಾಮಾನ ಹೊಲಿಗೆ ಅಂಗಡಿಯ ಸೂರು.

ಮಾಮಾ ಅಕ್ಕಲಕೋಟೆ ಕಡೆಯವನು.
ಬಯ್ಯುವಾಗ ಮಾತ್ರ ಕನ್ನಡ.
"ಹುಚ್ಚ ಹಿಡದೈತೇನ ನಿನಗ? ನನ್ನ ತಲಿ ಮ್ಯಾಲ ತೂತಾ?
ಮದುವಿ ಬ್ಲೌಸಿನ ಮ್ಯಾಲ ಹೊಟ್ಟು ಉದರಿದ್ರ
ನೀ ತೊಳಿಯಾಂವೇನು?"
ಆಮೇಲೆ ಮರಾಠಿಗಿಳಿದು ಲೆಕ್ಕ ಹೇಳಿದ:
ಗುಂಡಿಗಳಿಗೆ ಒಂದು ಕಪಾಟು, ಎಂಟು ಖಾನೆ,
ಎಲ್ಲ ತೇಗದ್ದೇ.

ಒಡೆದುಹಾಕಿದ ಯಾವುದೋ ವಾಡೆಯ ಬಾಗಿಲುವಾಡ,
ಕಿಲೋ ಲೆಕ್ಕದಲ್ಲಿ ತಂದೆ.
ಕೊಯ್ಯಿಸಿದಾಗ ಒಳಗೆ ತೇಗು ಇನ್ನೂ ಎಣ್ಣೆಯ ವಾಸನೆ ಬಿಟ್ಟಿತು.
ನೆಲದ ಹಲಗೆ ಕೊರೆದು ಸೀಳು ಬಿಡಿಸಿ
ಇಳಿಬಿಟ್ಟೆ.
ಕೆಳಗೆ, ಅಂಗಡಿಯ ಕನ್ನಡಿಯ ಪಕ್ಕ,
ಸೂರಿನಿಂದ ನಾಲಗೆಯೊಂದು ನೇತಾಡಿತು.

ಮೊದಲ ಕೊರೆತ. ಬಿಟ್ಟು ತುದಿಗೆ ತಾಗಿದ್ದೇ
ಇಡೀ ಹಲಗೆ ಜ್ವರ ಬಂದಂತೆ ಗಡಗಡ.
ಅಂಚೆಲ್ಲ ಇಲಿ ಕಡಿದ ರೊಟ್ಟಿ.
ಟಿಂಗ್.
ಮುನ್ನೂರೈವತ್ತು ರೂಪಾಯಿಯ ಬಿಟ್ಟು ಎರಡು ತುಂಡು.

ಎರಡನೆಯದೂ ಹಾಗೇ ಶುರುವಾಯಿತು, ಅದೇ ನಡುಕ,
ಅದೇ ಕರ್ಕಶ.
ನಿಲ್ಲಿಸುವ ಗುಂಡಿಗೆ ಕೈ ಹೋಗುವಷ್ಟರಲ್ಲಿ
ಸದ್ದು ಇದ್ದಕ್ಕಿದ್ದಂತೆ ಸಣ್ಣಗಾಯಿತು,
ಕತ್ತರಿ ಒಂದೇ ಸಮ ರೇಷ್ಮೆಯಲ್ಲಿ ಜಾರಿದ ಹಾಗೆ.
ಮರದ ಸುರುಳಿಗಳು ಬಿಚ್ಚಿ ಬಿಚ್ಚಿ ಬಿದ್ದವು.

ಬೋರಲು ಮಲಗಿ ಸೀಳಿನಲ್ಲಿ ಇಣುಕಿದೆ.
ಬಾಯಲ್ಲಿ ಟಾಚಣಿ, ಕೊರಳಲ್ಲಿ ಟೇಪು,
ಹುಬ್ಬಿನ ಮೇಲೆ ಹೊಟ್ಟು,
ಮಾಮಾ ಎರಡೇ ಬೆರಳಲ್ಲಿ ಹಲಗೆಯ ಕೆಳತುದಿ ಹಿಡಿದು ನಿಂತಿದ್ದ.
ಒತ್ತುತ್ತಿರಲಿಲ್ಲ. ಬರೀ ಹಿಡಿದಿದ್ದ.
ಮುಗಿದ ಮೇಲೆ ಟಾಚಣಿ ಒಂದೊಂದೇ ತೆಗೆದು,
"ಅರಬಿನೂ ಹಿಂಗ. ಅಂಚ ಹೊಲಿಯೂಮುಂದ
ಹಿಂದಿನ ತುದಿ ಬಿಟ್ರ ಓಡತೈತಿ," ಎಂದ.
ಬಯ್ಗುಳವಿಲ್ಲದೆ ಅವನಾಡಿದ ಮೊದಲ ಕನ್ನಡ.

ಕೊಡತಿಯ ಮೂರನೇ ಏಟಿಗೆ ಅಂಚು ಅಂಚಿನೊಳಗೆ ಕೂತಿತು.
ಮಾಮಾ ಉಗುರಿನಿಂದ ಕೂಡಿದ ಗೆರೆ ಹುಡುಕಿದ,
ಹಳೇ ಮೊಳೆಯ ಕಪ್ಪು ಕಲೆಯ ಹತ್ತಿರ ಸಿಕ್ಕಿತು,
ಸಿಕ್ಕಿದ್ದಕ್ಕೆ ಖುಷಿಪಟ್ಟ.

ಸೀಳು ಮುಚ್ಚಿಲ್ಲ.
ಚಹಾ ಬಂದರೆ ಗಜಕೋಲಿನಿಂದ ಎರಡು ಸಲ ಕುಟ್ಟುತ್ತಾನೆ.
ಏಳು ಖಾನೆಯಲ್ಲಿ ಗುಂಡಿಗಳಿವೆ, ಹುಕ್ಕುಗಳಿವೆ.
ಎಂಟನೆಯದು ಸ್ವಲ್ಪ ಸಡಿಲ, ಎಳೆದರೆ ಓರೆ ಬರುತ್ತದೆ,
ಸರಿ ಮಾಡುತ್ತೇನೆಂದರೆ ಕೊಡುವುದಿಲ್ಲ.
ಅದರಲ್ಲಿ ಮುರಿದ ಸೂಜಿಗಳನ್ನು ಹಾಕಿಟ್ಟಿದ್ದಾನೆ,
ಜೊತೆಗೆ ನನ್ನ ಬಿಟ್ಟಿನ ಎರಡು ತುಂಡು.