ಭಾರದ್ದು ಕೊಡಿ

ಗಿಲ್ಮೋರ್ ಬೀದಿಯ ನೆತ್ತಿಯ ಮೇಲೆ ರೈಲು ಹಾದಾಗಲೆಲ್ಲ
ನನ್ನ ಗಾಜಿನ ಕೌಂಟರು ಹಲ್ಲು ಕಡಿಯುತ್ತದೆ.
ಒಳಗಿನ ಸ್ಕ್ರೂ, ಕೇಬಲ್ಲು, ಫ್ಯಾನುಗಳು ಮೈ ಕೊಡವಿ
ಮತ್ತೆ ಸುಮ್ಮನಾಗುತ್ತವೆ.
ಹನ್ನೊಂದು ವರ್ಷದಿಂದ ಇದರ ಹಿಂದೆ ನಿಂತಿದ್ದೇನೆ,
ಬಂದವರ ಜೇಬು ನನಗೆ ಅವರ ಮುಖದಲ್ಲೇ ಕಾಣುತ್ತದೆ.

ಜೆನಲಿನ್ ಬಂದದ್ದು ಶನಿವಾರ, ಊಟದ ಹೊತ್ತು ಮೀರಿ.
ಹದಿನೇಳಿರಬೇಕು. ಕಾಫಿಪುಡಿಯ ಡಬ್ಬಿ ಎದೆಗವಚಿಕೊಂಡಿದ್ದಳು.
ಜೊತೆಗೆ ಅವಳ ಲೋಲಾ; ಮುದುಕಿ
ಸ್ಟೂಲು ಹುಡುಕಿ ಕೂತವಳೇ ಬೀಸಣಿಗೆ ಬಿಚ್ಚಿದಳು.
ಡಬ್ಬಿಯಲ್ಲಿ ಮೇಲೆ ಮಡಿಸಿದ ನೋಟು, ಅಡಿಯಲ್ಲಿ ಇಪ್ಪತ್ತರ ನಾಣ್ಯ.
ಹತ್ತು ಹತ್ತರ ಗೋಪುರ ಕಟ್ಟಿ ಮೂವರೂ ಎಣಿಸಿದೆವು.
ರೈಲು ಬಂತು. ಗೋಪುರ ಬಿತ್ತು.
ಮತ್ತೆ ಎಣಿಸಿದೆವು.

"ಆತೆ," ಅಂದಳು, ಅಕ್ಕಾ ಅಂತ,
ಲಾಂಡ್ರಿ ರಸೀದಿಯ ಬೆನ್ನಿಗೆ ಬರೆದ ಪಟ್ಟಿ ಮುಂದಿಟ್ಟು.
ಬರೆದು ಹೊಡೆದು, ಬರೆದು ಹೊಡೆದು
ಕಾಗದ ಒಂದು ಕಡೆ ತೂತಾಗಿತ್ತು:
ಗ್ರಾಫಿಕ್ಸ್ ಕಾರ್ಡು ಅಂತ ಇದ್ದ ಕಡೆ.

ನಾನು ವ್ಯಾಪಾರದವಳು. ಸುಳ್ಳು ಹೇಳಲಿಲ್ಲ,
ನಿಜವನ್ನೂ ಪೂರ್ತಿ ಹೇಳಲಿಲ್ಲ.
ಹಳೆಯದೊಂದು ಕಾರ್ಡು ತೆಗೆದೆ, ಮೂರು ಫ್ಯಾನಿನದು.
ಯಾರದೋ ಗೋದಾಮಿನಲ್ಲಿ ಎರಡು ವರ್ಷ ಹಗಲಿರುಳು
ಕಣ್ಣಿಗೆ ಕಾಣದ ನಾಣ್ಯ ಅಗೆದು ದಣಿದದ್ದು;
ಬ್ರಷ್ಷಾಡಿಸಿದರೆ ಮದುಮಗನ ಹಾಗಿದೆ.
"ಇದನ್ನ ತಗೋ. ಕ್ಯಾಬಿನೆಟ್ಟಿನ ಜೊತೆ
ಪವರ್ ಸಪ್ಲೈ ಪುಕ್ಕಟೆ ಕೊಡ್ತೀನಿ.
ಹೇಗೂ ಅದು ಯಾರಿಗೂ ಕಾಣಲ್ಲ."

ಪುಕ್ಕಟೆಯದನ್ನು ಅವಳು ಅಂಗೈಯಲ್ಲಿಟ್ಟು
ಪಪ್ಪಾಯಿ ತೂಗುವ ಹಾಗೆ ತೂಗಿದಳು.
"ಹಗುರ," ಅಂದಳು.
ಬೀಸಣಿಗೆ ನಿಂತಿತು.

ಉಳಿದದ್ದನ್ನು ಹೇಳಿದವಳು ಅಜ್ಜಿ.
ಅವರ ಓಣಿಯಲ್ಲಿ ನಲವತ್ತು ಮನೆ ಉರಿದದ್ದು
ಒಂದು ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿನಿಂದ.
"ಒಂದು ಫ್ಯಾನು, ಒಂದು ರೈಸ್ ಕುಕ್ಕರು. ಅಷ್ಟೇ ಹಾಕಿದ್ದೆವು."
ಹಾಕಿದ್ದೆವು, ಅಂದಳು.
ಹಾಕಿದ್ದರು ಅನ್ನಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಈ ಹುಡುಗಿ ಮೊದಲು
ಹಾಸಿಗೆಯ ಕೆಳಗೆ ಬಗ್ಗಿ ನೋಡುವವಳು.

"ಭಾರದ್ದು ಕೊಡಿ."
ಡಬ್ಬಿಯ ಆರರಲ್ಲೊಂದು ಪಾಲು ಅದಕ್ಕೇ ಹೋಯಿತು.
ಕಾರ್ಡು ಬೇಡ; ಚಿತ್ರ ಬಿಡಿಸುವ ಕೆಲಸವನ್ನೂ
ತಾನೇ ಹೊರುವ ಪ್ರೊಸೆಸರು ಸಾಕು,
ಒಲೆ, ಗಲ್ಲಾ ಎರಡಕ್ಕೂ ಒಬ್ಬಳೇ ಓಡಾಡುವ
ಬೀದಿ ತುದಿಯ ಊಟದಂಗಡಿಯವಳ ಹಾಗೆ.
ರ್‍ಯಾಮು ಜೋಡಿಯಾದರೆ ವೇಗ ಹೆಚ್ಚು ಅಂದೆ, ಈ ಸಲ ನಿಜವನ್ನೇ.
ಗೊತ್ತು ಅಂದಳು. ಒಂದೇ ತೆಗೆದುಕೊಂಡಳು.
ಪಕ್ಕದ ಸ್ಲಾಟನ್ನು ಬೆರಳಿನಿಂದ ಸವರಿದಳು,
ಬಸ್ಸಿನಲ್ಲಿ ಯಾರಿಗೋ ಜಾಗ ಹಿಡಿದಿಟ್ಟವರ ಹಾಗೆ.

"ಕ್ಯಾಬಿನೆಟ್ಟು?"
ಮದರ್‌ಬೋರ್ಡು ಬಂದ ರಟ್ಟಿನ ಪೆಟ್ಟಿಗೆ ತಟ್ಟಿದಳು.
ಪರದೆಗೆ ಪಕ್ಕದ ಮನೆಯವರು ಬಿಸಾಡಲಿದ್ದ ಟೀವಿ.

ಇಷ್ಟೆಲ್ಲ ಯಾವ ಆಟಕ್ಕೆ ಅಂತ ಕೇಳಿದೆ.
ಕಾರು ಹಾರಿಸುವುದೋ, ಗುಂಡು ಹೊಡೆಯುವುದೋ ಅಂದುಕೊಂಡು.
"ಮೀನು ಹಿಡಿಯೋದು. ಒಂದು ಸರೋವರ ಇರತ್ತೆ, ಒಂದು ದೋಣಿ.
ಹಿಮ ಬೀಳ್ತಾನೇ ಇರತ್ತೆ."
ಇದರಲ್ಲಿ ಎಲ್ಲ ಕಡಿಮೆಗಿಟ್ಟು ಆಡಬೇಕಾಗತ್ತೆ,
ಹಿಮ ಕಾಣಲ್ಲ ಮಗಳೇ, ಅಂದೆ.
"ಬೀಳ್ತಿದೆ ಅಂತ ಗೊತ್ತಿರತ್ತಲ್ಲ."

ಕೌಂಟರಿನ ಮೇಲೇ ಜೋಡಿಸಿ ಹಚ್ಚಿದೆವು.
ಫ್ಯಾನು ಒಮ್ಮೆ ತಡವರಿಸಿ ತಿರುಗಿತು.
ಪರದೆಯಲ್ಲಿ ಬಿಳಿ ಅಕ್ಷರ ಮೂಡುವಾಗ ಹುಡುಗಿ ಉಸಿರಾಡಲಿಲ್ಲ.
ಅಜ್ಜಿ ಪರದೆಯ ಕಡೆ ನೋಡಲೇ ಇಲ್ಲ;
ಎದ್ದು ಬಂದು, ಬಗ್ಗಿ,
ಆ ಭಾರದ ಡಬ್ಬಕ್ಕೆ ಮೂಗು ತಂದು
ಬಹಳ ಹೊತ್ತು ಮೂಸಿದಳು.
ಆಮೇಲೆ ಬೀಸಣಿಗೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮೂರು ಫ್ಯಾನಿನ ಕಾರ್ಡು ಇನ್ನೂ ಗಾಜಿನೊಳಗಿದೆ.
ರೈಲು ಹಾದಾಗ
ನಡುವಿನ ಫ್ಯಾನು ಸ್ವಲ್ಪ ತಿರುಗುತ್ತದೆ.